ಸೊಸೆ ಕಾಯುವ ಗುಡ್ಡ

ನೀಲಿಗುಡ್ಡೆ ಶಿಬಿರ, ಕುದುರೆಮುಖ
೨೧ ಜುಲೈ ೨೦೨೪

ಅತ್ತೆಯವರಿಗೆ ಉಮಾಶ್ರೀಯ ನಮಸ್ಕಾರಗಳು.

ಕಾಗದ ಕಂಡು ಗಾಬರಿಯಾಗಬೇಡಿ, ನಾನು ಕ್ಷೇಮ. ನಮ್ಮ ಶಿಬಿರದಲ್ಲಿ ಮೊಬೈಲಿಗೆ ಸಿಗ್ನಲ್ ಇಲ್ಲ. ಕಳಸಕ್ಕೆ ಇಳಿದಾಗ ಮಾತ್ರ ಫೋನು. ಆಗಲೂ ಮಾತು "ಊಟ ಆತೇನ್ರಿ, ಮಳಿ ಬಂತೇನ್ರಿ" ಎನ್ನುವುದರಲ್ಲೇ ಮುಗಿಯುತ್ತದೆ. ನನ್ನ ದನಿ ಕೇಳಿ ಮಗಳು ದಾನವ್ವ ಅಳುತ್ತಾಳೆ, ಅವಳ ಅಳು ಕೇಳಿ ನಾನೇ ಫೋನು ಇಟ್ಟುಬಿಡುತ್ತೇನೆ. ರೇಷನ್ ತರುವ ಜೀಪಿನಲ್ಲಿ ಕಾಗದ ಕಳಿಸಿದರೆ ಕಳಸದ ಅಂಚೆಗೆ ಹಾಕುತ್ತಾರೆ. ನಿಮ್ಮ ಮಗನಿಗೆ ಬರೆದರೆ ಓದಿ ಕಿಸೆಯಲ್ಲಿಟ್ಟುಕೊಂಡು ಹೊಲಕ್ಕೆ ಹೋಗಿಬಿಡುತ್ತಾರೆ. ನೀವಾದರೆ ದಾನವ್ವನನ್ನು ತೊಡೆಯ ಮೇಲೆ ಕೂರಿಸಿಕೊಂಡು ಓದಿ ಹೇಳುತ್ತೀರಿ. ಅದಕ್ಕೇ ನಿಮಗೆ.

ಅರಣ್ಯ ರಕ್ಷಕಿಯ ಕೆಲಸವೆಂದರೆ ಹೆಚ್ಚಾಗಿ ನಡೆಯುವುದೇ. ಬೆಳಗ್ಗೆ ಗಂಜಿ ಕುಡಿದು ಹೊರಟರೆ ಗಸ್ತಿನ ಹಾದಿ ಹಳ್ಳ ದಾಟಿ, ಕಾಡು ಹೊಕ್ಕು, ಹುಲ್ಲುಗುಡ್ಡದ ನೆತ್ತಿ ಹತ್ತಿ, ಮತ್ತೊಂದು ಬದಿಗೆ ಇಳಿಯುತ್ತದೆ. ನವಲಗುಂದದ ಸಪಾಟು ಎರಿಭೂಮಿಯಲ್ಲಿ ಬೆಳೆದ ಕಾಲು ನನ್ನದು. ಧಾರವಾಡದ ಯುನಿವರ್ಸಿಟಿ ಗುಡ್ಡದಲ್ಲಿ ಓಡಿ ಪರೀಕ್ಷೆ ಪಾಸಾದಾಗ ಗುಡ್ಡ ಹತ್ತುವುದು ಬಂತು ಅಂದುಕೊಂಡಿದ್ದೆ. ಇಲ್ಲಿನ ಕಾವಲುಗಾರ ಇಕ್ಬಾಲ ಅಣ್ಣ ಕಳಸದವರು, ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ಮೊದಲ ದಿನ ನನ್ನ ಉಸಿರಾಟ ಕೇಳಿ, "ಮೇಡಂ, ಗುಡ್ಡ ಎಲ್ಲಿಗೂ ಓಡಿ ಹೋಗಲ್ಲ, ನಿಧಾನ ಬನ್ನಿ" ಅಂದರು.

ಮಳೆ ಇನ್ನೂ ನಿಂತಿಲ್ಲ. ನಮ್ಮ ಕಡೆ ಜಿಗಳಿ ಅನ್ನುವುದಕ್ಕೆ ಇಲ್ಲಿ ಇಂಬಳ ಅನ್ನುತ್ತಾರೆ. ಬೂಟು ಬಿಚ್ಚಿದರೆ ಕಾಲ್ಚೀಲದ ತುಂಬ ರಕ್ತ. ಉಪ್ಪಿನ ಗಂಟು ಒತ್ತಿದರೆ ಉದುರುತ್ತವೆ. ದಾನವ್ವನಿಗೆ ಇದನ್ನು ಓದಬೇಡಿ. ಅವಳಿಗೆ ಬೇರೆಯದು ಹೇಳಿ: ಇಲ್ಲಿನ ಬಂಡೆಗಳ ಮೇಲೆ ಎರಡು ಬೆರಳಿನಷ್ಟು ಎತ್ತರದ ಕೆಂಪು ಗಿಡವಿದೆ. ಎಲೆಯ ತುಂಬ ಜೇನಿನಂಥ ಹನಿ. ನೊಣ ಆಸೆಯಿಂದ ಬಂದು ಕೂತರೆ ಮುಗಿಯಿತು, ಗಿಡವೇ ಎಲೆ ಮಡಚಿ ಅದನ್ನು ತಿಂದುಬಿಡುತ್ತದೆ. ಮಂಡಿಯೂರಿ ಕೂತು ಬಹಳ ಹೊತ್ತು ನೋಡಿದೆ.

ಒಂದು ಮಾತು. ನಾನು ಹೊರಟ ದಿನ ದ್ಯಾಮಣ್ಣ ಕಾಕಾ ಎಲ್ಲರೆದುರು, "ತೊಡಿ ಮ್ಯಾಲಿನ ಕೂಸು ಬಿಟ್ಟು ಗುಡ್ಡಾ ಕಾಯಾಕ ಹೊಂಟಾಳ ನೋಡ್ರಿ" ಅಂದರು. ನೀವು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ನನ್ನ ಬ್ಯಾಗಿನ ಜಿಪ್ಪು ಎಳೆದು ಕೊಟ್ಟಿರಿ. ಬಸ್ಸು ಶಿವಮೊಗ್ಗ ದಾಟುವವರೆಗೂ ನಾನು ಅದನ್ನೇ ಯೋಚಿಸುತ್ತಿದ್ದೆ.

ದಾನವ್ವನಿಗೆ ಮುತ್ತು.
ನಿಮ್ಮ ಸೊಸೆ,
ಉಮಾಶ್ರೀ


ಗರಗ
೧೮ ಆಗಸ್ಟ್ ೨೦೨೪

ಚಿ. ಸೌ. ಉಮಾಶ್ರೀಗೆ ಗೌರಕ್ಕನ ಆಶೀರ್ವಾದ.

ಮೂವತ್ತು ವರ್ಷ ಖಾದಿ ಕೇಂದ್ರದಲ್ಲಿ ನೂಲು ತೆಗೆದ ಕೈ ಇದು. ಪೆನ್ನು ಹಿಡಿದರೆ ಬೆರಳು ಸೆಟೆಯುತ್ತವೆ. ಅಕ್ಷರ ತಪ್ಪಿದ್ದಲ್ಲಿ ನೀನೇ ತಿದ್ದಿಕೊಂಡು ಓದು.

ಹೆಸರು ಕಾಳು ಬಿಡಿಸಿ ಆಯಿತು. ಸೋಯಾ ಚೆನ್ನಾಗಿದೆ. ರಾಜಶೇಖರ ಹೊತ್ತು ಮೂಡುವ ಮೊದಲೇ ಹೊಲಕ್ಕೆ ಹೋಗುತ್ತಾನೆ, ದೀಪ ಹಚ್ಚಿದ ಮೇಲೆ ಬರುತ್ತಾನೆ. ನಿನ್ನ ಹೆಸರು ಎತ್ತುವುದಿಲ್ಲ. ಆದರೆ ನಿನ್ನ ಕಾಗದ ಬಂದ ದಿನ, "ಏನ್ ಬರದಾಳ್ಬೇ?" ಅಂತ ಮೂರು ಸಲ ಕೇಳಿದ. ಓದಿಕೋ ಅಂತ ಕೊಟ್ಟರೆ, ನೀನೇ ಹೇಳು ಅಂದ. ಇಂಬಳದ ಭಾಗ ಅವನಿಗೆ ಓದಿದೆ, ದಾನವ್ವನಿಗೆ ಬಿಟ್ಟೆ.

ಹೋದ ವಾರ ದಾನವ್ವನ ಸಾಲಿಯಿಂದ ಕರೆ ಬಂತು. ಹೋದರೆ ಇವಳು ಮೂಲೆಯಲ್ಲಿ ನಿಂತಿದ್ದಾಳೆ, ಇನ್ನೊಂದು ಹುಡುಗಿ ಅಳುತ್ತಿದ್ದಾಳೆ. ನಿಮ್ಮ ತಾಯಿ ಏನು ಮಾಡುತ್ತಾರೆ ಎಂದು ಟೀಚರು ಎಲ್ಲ ಮಕ್ಕಳನ್ನೂ ಕೇಳಿದರಂತೆ. "ನಮ್ಮವ್ವ ಹುಲಿ ಕಾಯ್ತಾಳ" ಅಂದಳಂತೆ ನಿನ್ನ ಮಗಳು. ಆ ಹುಡುಗಿ ನಕ್ಕಳು. ಇವಳು ಬಾರಿಸಿದಳು. ಟೀಚರು ನನ್ನನ್ನು ಕೇಳಿದರು: "ಖರೇನ್ರಿ ಅಜ್ಜಿ?" ಸೊಸೆಗೆ ಬರೆದು ಕೇಳುತ್ತೇನೆ ಅಂದೆ. ಅಲ್ಲಿ ಖರೇ ಹುಲಿ ಇದೆಯೇನು? ಇದ್ದರೆ ಒಂದು ಸಾಲು ಬರೆ. ಇಲ್ಲದಿದ್ದರೂ ಬರೆ.

ಇನ್ನು ನಿಜ ಹೇಳುತ್ತೇನೆ. ಕೂಸು ಹುಟ್ಟಿದ ಮೇಲೆ ನಿನ್ನನ್ನು ಧಾರವಾಡದ ಕೋಚಿಂಗಿಗೆ ಕಳಿಸಿದವಳು ನಾನೇ. ಆದರೆ ತಹಶೀಲ್ದಾರ ಕಚೇರಿಯ ಕುರ್ಚಿ ಸಿಗುತ್ತದೆ, ಬೆಳಗ್ಗೆ ಬುತ್ತಿ ಕಟ್ಟಿಕೊಟ್ಟರೆ ಸಂಜೆ ಬರುತ್ತೀ ಎಂದು ತಿಳಿದಿದ್ದೆ. ಹುಲಿ ಇರುವ ಗುಡ್ಡಕ್ಕೆ ಹೋಗುತ್ತೀ ಎಂದು ಯಾರು ಎಣಿಸಿದ್ದರು? ದ್ಯಾಮಣ್ಣನಿಗೆ ಧಾರವಾಡದಲ್ಲಿ ಯಾರೋ ಪರಿಚಯವಿದ್ದಾರಂತೆ. ಎಳೆ ಕೂಸಿನ ತಾಯಿ ಎಂದು ಅರ್ಜಿ ಹಾಕಿದರೆ ಇಲ್ಲಿನ ಕಚೇರಿಗೆ ವರ್ಗ ಮಾಡುತ್ತಾರಂತೆ. ನಾನು ಹಾಕು ಅನ್ನುವುದಿಲ್ಲ, ಬೇಡ ಅನ್ನುವುದಿಲ್ಲ. ವಿಚಾರ ಮಾಡು.

ಇಂತು,
ಗೌರಕ್ಕ


ನೀಲಿಗುಡ್ಡೆ ಶಿಬಿರ
೨೦ ಅಕ್ಟೋಬರ್ ೨೦೨೪

ಅತ್ತೆಯವರಿಗೆ ನಮಸ್ಕಾರ.

ಖರೇ ಹುಲಿ ಇದೆ. ಟೀಚರಿಗೆ ತಲೆ ಎತ್ತಿ ಹೇಳಿ. ನಾನು ಇನ್ನೂ ಕಣ್ಣಿನಿಂದ ನೋಡಿಲ್ಲ. ಆದರೆ ಹಳ್ಳದ ಹಸಿಮಣ್ಣಿನಲ್ಲಿ ಹೆಜ್ಜೆ ನೋಡಿದೆ. ನನ್ನ ಅಂಗೈ ಇಟ್ಟರೆ ಬೆರಳು ಒಳಗೇ ಉಳಿದವು. ಅಂಚಿನ ಮಣ್ಣು ಇನ್ನೂ ಕುಸಿಯುತ್ತಿತ್ತು, ಅಂದರೆ ಈಗಷ್ಟೇ ದಾಟಿದೆ. ಹೆದರಿಕೆ ಬರಬೇಕಿತ್ತು. ಬರಲಿಲ್ಲ. ಯಾರೋ ದೊಡ್ಡವರು ಈಗಷ್ಟೇ ಎದ್ದು ಹೋದ ಮನೆಗೆ ಬಂದಂತಾಯಿತು.

ಮಳೆ ಬಿಟ್ಟಿದೆ. ಗುಡ್ಡಗಳು ಹೇಗೆ ಕಾಣುತ್ತವೆಂದು ಬರೆಯಲು ನನಗೆ ಬರುವುದಿಲ್ಲ. ನೆತ್ತಿಯ ತುಂಬ ಹುಲ್ಲು, ಗುಡ್ಡದ ಮಡಿಕೆಗಳಲ್ಲಿ ಮಾತ್ರ ಒತ್ತಾದ ಕಪ್ಪು ಕಾಡು. ಆ ಕಾಡಿನೊಳಗಿಂದ ನೀರು ಹುಟ್ಟುತ್ತದೆ. ಈ ಹುಲ್ಲು ಮಳೆಯನ್ನು ಹಿಡಿದಿಟ್ಟುಕೊಂಡು ಬೇಸಗೆಯವರೆಗೆ ಸ್ವಲ್ಪಸ್ವಲ್ಪವೇ ಬಿಡುತ್ತದಂತೆ. ಮನೆ ನಡೆಸುವ ಹೆಂಗಸಿನ ಹಾಗೆ. ಕಾಡಿನಲ್ಲಿ ಸಿಂಗಳೀಕಗಳಿವೆ: ಕರಿ ಮೈ, ಮುಖದ ಸುತ್ತ ಬಿಳಿ ಕೇಸರ, ಸಿಂಹದಂಥ ಬಾಲ. ನನ್ನನ್ನು ಕಂಡು ಮರದ ಮೇಲಿಂದ ಹಣ್ಣು ಎಸೆಯುತ್ತವೆ. ಯಾರು ಯಾರನ್ನು ಕಾಯುತ್ತಿದ್ದೇವೋ.

ಈಗ ಚಾರಣಿಗರು ಬರುತ್ತಾರೆ. ಹೋದ ಭಾನುವಾರ ಒಂದು ತಂಡದ ಜೊತೆ ನನ್ನನ್ನು ಕಳಿಸಿದರು. ಹುಲ್ಲುಗುಡ್ಡದ ತಿರುವಿನಲ್ಲಿ ಹಾದಿಗೆ ಅಡ್ಡವಾಗಿ ಕಾಟಿ ನಿಂತಿತ್ತು. ಕಾಟಿಯೆಂದರೆ ಕಾಡುಕೋಣ, ನಮ್ಮ ಎರಡು ಎತ್ತು ಸೇರಿಸಿದರೆ ಒಂದು. ಹಿಂದಿನವರು ಮೊಬೈಲು ಎತ್ತಿದರು. ಆಗ ನೆನಪಾದವರು ನೀವು. ನಾನು ಮದುವೆಯಾಗಿ ಬಂದ ವರ್ಷ ಬಸವಣ್ಣನ ಗುಡಿಯ ಗೂಳಿ ಅಂಗಳಕ್ಕೆ ನುಗ್ಗಿದಾಗ ನೀವು ಕೂಗಲಿಲ್ಲ, ಓಡಲಿಲ್ಲ. ಸುಮ್ಮನೆ ಪಕ್ಕಕ್ಕೆ ಸರಿದು ಅದಕ್ಕೆ ಹಾದಿ ಬಿಟ್ಟಿರಿ. ನಾನೂ ಹಾಗೆಯೇ ಮಾಡಿದೆ. ಎಲ್ಲರನ್ನೂ ಬಂಡೆಯ ಹಿಂದೆ ಕೂರಿಸಿದೆ. ಕಾಟಿ ನಮ್ಮನ್ನು ನೋಡಿತು, ಮೂಗು ಅರಳಿಸಿತು, ಇಳಿದು ಹೋಯಿತು. ಇಕ್ಬಾಲ ಅಣ್ಣ ತಮ್ಮ ಡಬ್ಬಿಯ ಚಕ್ಕುಲಿ ನನಗೆ ಮೊದಲು ಕೊಟ್ಟರು.

ವರ್ಗದ ಅರ್ಜಿ ಸದ್ಯ ಬೇಡ.

ನಿಮ್ಮ,
ಉಮಾಶ್ರೀ


ಗರಗ
೨ ಡಿಸೆಂಬರ್ ೨೦೨೪

ಚಿ. ಉಮಾಶ್ರೀಗೆ ಆಶೀರ್ವಾದ.

ಈಗ ಎಲ್ಲ ಸರಿಯಾಗಿದೆ ಎಂದು ಮೊದಲೇ ಬರೆದುಬಿಡುತ್ತೇನೆ. ಓದಿ ಹೆದರಬೇಡ.

ದಾನವ್ವನಿಗೆ ಡೆಂಗೀ ಆಗಿತ್ತು. ಧಾರವಾಡದ ಆಸ್ಪತ್ರೆಯಲ್ಲಿಟ್ಟಿದ್ದೆವು. ರಕ್ತದ ಕಣ ಇಳಿದಿವೆ ಅಂದರು. ರಾಜು ಆಸ್ಪತ್ರೆಯ ಬಾಗಿಲು ಬಿಟ್ಟು ಅಲ್ಲಾಡಲಿಲ್ಲ. ಮೊನ್ನೆ ಮನೆಗೆ ಕರೆತಂದೆವು. ಗಂಜಿ ಉಣ್ಣುತ್ತಾಳೆ, ಹಟ ಮಾಡುತ್ತಾಳೆ. ಹಟ ಶುರುವಾಯಿತೆಂದರೆ ಗುಣವಾದ ಹಾಗೆ.

ಕಚೇರಿಗೆ ಫೋನು ಹಚ್ಚಿ ಉಮಾನನ್ನು ಕರೆಸೋಣ ಎಂದು ರಾಜು ಅಂದ. ನಾನೇ ಬೇಡವೆಂದೆ. ನೀನು ಗುಡ್ಡದ ಮೇಲಿರುತ್ತೀ, ಸುದ್ದಿ ಮುಟ್ಟುವುದು ಯಾವಾಗಲೋ. ಮುಟ್ಟಿದರೆ ಎದೆ ಬಡಿದುಕೊಂಡು ಆ ಕಾಡಿನ ಹಾದಿಯಲ್ಲಿ ಒಬ್ಬಳೇ ಓಡಿ ಬರುತ್ತೀ. ಇಲ್ಲೊಬ್ಬಳು ಮಲಗಿದ್ದಳು, ಅಲ್ಲಿ ನಿನಗೇನಾದರೂ ಆದರೆ? ಅಷ್ಟೇ ನನ್ನ ತಲೆಯಲ್ಲಿದ್ದದ್ದು.

ಗೌರಕ್ಕ


ಕಳಸ
೯ ಡಿಸೆಂಬರ್ ೨೦೨೪

ಅತ್ತೆಯವರಿಗೆ,

ನೀವು ಹೇಳಬೇಕಿತ್ತು.

ಅವಳು ಆಸ್ಪತ್ರೆಯಲ್ಲಿದ್ದ ದಿನಗಳಲ್ಲಿ ನಾನು ಇಲ್ಲಿ ಹಕ್ಕಿಗಳ ಹೆಸರು ಕಲಿಯುತ್ತಿದ್ದೆ, ನಗುತ್ತಿದ್ದೆ, ಹೊಟ್ಟೆ ತುಂಬ ಉಣ್ಣುತ್ತಿದ್ದೆ. ಓಡಿ ಬರಬೇಕೋ ಬೇಡವೋ ಎಂಬುದನ್ನು ನಾನು ತೀರ್ಮಾನಿಸಬೇಕಿತ್ತು. ನನ್ನ ಮಗಳು ಅವಳು.

ವರ್ಗಾವಣೆಯ ಅರ್ಜಿಗೆ ಇಂದು ಸಹಿ ಮಾಡಿ ಕೊಟ್ಟಿದ್ದೇನೆ. ದ್ಯಾಮಣ್ಣ ಕಾಕಾಗೆ ಹೇಳಿ.

ಉಮಾಶ್ರೀ


ಗರಗ
೨೪ ಡಿಸೆಂಬರ್ ೨೦೨೪

ಚಿ. ಉಮಾಶ್ರೀಗೆ,

ಹೌದು, ಹೇಳಬೇಕಿತ್ತು. ಇನ್ನು ಮುಂದೆ ದಾನವ್ವ ಸೀನಿದರೂ ಹೇಳುತ್ತೇನೆ.

ಅರ್ಜಿಯ ವಿಷಯ ದ್ಯಾಮಣ್ಣನಿಗೆ ಹೇಳಿದೆ. ಖುಷಿಯಾದ. ರಾಜುಗೆ ಹೇಳಿದೆ. ಅವನು ಖುಷಿಪಡುತ್ತಾನೆ ಎಂದು ತಿಳಿದಿದ್ದೆ. "ಆಕೀಗೆ ಅಲ್ಲಿ ಬ್ಯಾಸರ ಆಗೇತಂತೇನು?" ಅಂತ ಕೇಳಿದ. ಇಲ್ಲ ಅಂದೆ. ಎದ್ದು ಹೊಲಕ್ಕೆ ಹೋದ. ಸಂಜೆ ಬಂದವನು, "ಅವ್ವಾ, ಸಂಕ್ರಾಂತಿಗೆ ನಾವೂ ಒಮ್ಮೆ ಹೋಗಿ ನೋಡೂಣು. ಆಕಿ ಬಿಟ್ಟು ಬರೂದರೊಳಗ ಅದೇನೈತಿ ಅಂತ ಕಣ್ಣಿಲೆ ನೋಡೂಣು" ಅಂದ. ಧಾರವಾಡದಲ್ಲಿ ಯಾರದೋ ಕೈಯಿಂದ ಆನ್‌ಲೈನಿನಲ್ಲಿ ಚಾರಣದ ಚೀಟಿ ಮಾಡಿಸಿದ್ದಾನೆ. ನನ್ನ ವಯಸ್ಸು ಅರವತ್ತು ಅಂತ ಹಾಕಿಸಿದ್ದಾನೆ. ಇನ್ನೂ ಐವತ್ತೆಂಟು ನನಗೆ.

ಬರುತ್ತೇವೆ. ಸೀರೆಯಲ್ಲೇ ಹತ್ತುತ್ತೇನೆ. ಕಾಲಿಗೆ ಮಾತ್ರ ಏನು ಹಾಕಿಕೊಳ್ಳಬೇಕೋ ಬರೆ.

ಗೌರಕ್ಕ


ಗರಗ
೨೩ ಜನವರಿ ೨೦೨೫

ಚಿ. ಸೌ. ಉಮಾಶ್ರೀಗೆ ಅನೇಕ ಆಶೀರ್ವಾದ.

ಸುಖವಾಗಿ ಊರು ಮುಟ್ಟಿದೆವು. ಮೊಣಕಾಲು ಬಾತಿದ್ದವು, ಎಣ್ಣೆ ತಿಕ್ಕಿಸಿಕೊಂಡೆ. ದಾನವ್ವ ಊರೆಲ್ಲ ತಿರುಗಿ ಸಿಂಗಳೀಕದ ಹಾಗೆ ಹಲ್ಲು ಕಿರಿದು ತೋರಿಸುತ್ತಿದ್ದಾಳೆ.

ಮಂಜಿನಲ್ಲಿ ನೀನು ಕಾಣದಂತಾದ ಮೇಲೆ ನಮ್ಮ ಕಡೆ ಏನೇನಾಯಿತು ಎಂದು ನೀನು ಕೇಳಲಿಲ್ಲ. ಅಷ್ಟು ಜನರ ನಡುವೆ ಹೇಳುವುದು ನನಗೂ ಆಗಲಿಲ್ಲ. ಈಗ ಬರೆಯುತ್ತೇನೆ.

ಹತ್ತುವಾಗ ನಾನು ಎಲ್ಲರ ಹಿಂದಿದ್ದೆ. ನೀನು ಎಲ್ಲರ ಮುಂದಿದ್ದೆ. ಮನೆಯಲ್ಲಿ ನೀನು ತಲೆ ಬಗ್ಗಿಸಿ ನಡೆಯುವುದನ್ನು ನೋಡಿದವಳು ನಾನು. ಅಲ್ಲಿ ನಿನ್ನ ಬೆನ್ನು ನೆಟ್ಟಗಿತ್ತು. ನೀನು ಕೈ ಎತ್ತಿದರೆ ಅಷ್ಟೂ ಜನ ನಿಲ್ಲುತ್ತಿದ್ದರು, ಇಳಿಸಿದರೆ ನಡೆಯುತ್ತಿದ್ದರು. ಮರದ ತೊಗಟೆ ಮುಟ್ಟಿ ಹೆಸರು ಹೇಳುತ್ತಿದ್ದೆ, ಲದ್ದಿ ನೋಡಿ ಯಾವ ಪ್ರಾಣಿ ಅನ್ನುತ್ತಿದ್ದೆ. ಇದೆಲ್ಲ ಯಾವಾಗ ಕಲಿತಳು ಎಂದುಕೊಂಡೆ. ರಾಜು ದಾನವ್ವನನ್ನು ಹೆಗಲ ಮೇಲೆ ಹೊತ್ತಿದ್ದ, ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದ.

ತುದಿ ಇನ್ನೂ ದೂರವಿದ್ದಂತೆಯೇ ತಿರುಗಿ ಇಳಿಯುವಾಗ ಪಡುವಣದಿಂದ ಮಂಜು ಎದ್ದು ಬಂತಲ್ಲ, ನಾನು ಹೊಗೆ ಎಂದುಕೊಂಡೆ. ನೋಡುನೋಡುತ್ತ ಪಕ್ಕದವರ ಮುಖ ಕಾಣದಾಯಿತು. ನೀನು ತಲೆ ಎಣಿಸಿದೆ. ಹುಬ್ಬಳ್ಳಿಯ ಬಟ್ಟೆ ವ್ಯಾಪಾರಿ ಮುಕ್ತಾರ ಅವರ ಮಗಳು ಅಲ್ಫಿಯಾ ಇರಲಿಲ್ಲ. ಸಿಂಗಳೀಕದ ಫೋಟೊ ತೆಗೆಯಲು ಹಿಂದೆ ಉಳಿದಿದ್ದಳಂತೆ. ಎಲ್ಲರೂ ಈ ಬಂಡೆಯ ಮೇಲೆ ಕೂಡ್ರಿ, ಯಾರೂ ಏಳಬಾರದು ಎಂದು ಹೇಳಿ, ಇಕ್ಬಾಲನನ್ನು ನಮ್ಮ ಕಾವಲಿಗೆ ಬಿಟ್ಟು ನೀನು ಹೋದೆ. ನಾಲ್ಕು ಹೆಜ್ಜೆಗೆ ಕಾಣದಾದೆ.

ನೀನು ಹೋದದ್ದೇ ರಾಜು ದಾನವ್ವನನ್ನು ನನ್ನ ಮಡಿಲಿಗೆ ಹಾಕಿ ಎದ್ದ. "ನಾನೂ ಹೋಗ್ತೇನಿ" ಅಂದ. ಇಕ್ಬಾಲ ತಡೆದರೂ ಕೇಳಲಿಲ್ಲ. ಆಗ ನಾನಂದೆ:

"ಕೂಡು, ರಾಜು. ಎಲ್ಲಾರೂ ಕೂಡ್ರಿ ಅಂತ ಹೇಳ್ಯಾಳ ಆಕಿ."

"ಅವ್ವಾ, ಆಕಿ ಒಬ್ಬಾಕಿ ಅದಾಳ."

"ಮನ್ಯಾಗ ನಾ ಹೇಳಿದ್ದು ನಡೀತೈತಿ, ಹೊಲದಾಗ ನೀ ಹೇಳಿದ್ದು. ಇಲ್ಲಿ ಆಕಿ ಹೇಳಿದ್ದ ನಡೀಬೇಕು. ಕೂಡು."

ಕೂತ. ಆದರೆ ಮುಕ್ತಾರ ಅವರು ಕೂಡಲಿಲ್ಲ. ತಂದೆಯ ಜೀವ, ಪಾಪ. ಅತ್ತಿಂದಿತ್ತ ತಿರುಗುತ್ತ ಒಂದೇ ಸಮನೆ ಕೂಗಾಡುತ್ತಿದ್ದರು. "ಒಬ್ಬಾಕಿ ಹೆಣ್ಣಮಗಳನ್ನ ಕಳಸ್ಯಾರಲ್ರೀ! ಈ ಮಂಜಿನ್ಯಾಗ ಆಕೀಗೆ ಏನ್ ಕಾಣತೈತಿ? ಗಂಡಸರು ಯಾರೂ ಇರಲಿಲ್ಲೇನ್ರಿ ಇವರ ಕಡೆ?" ಅವರು ಯಾರನ್ನೂ ಕೇಳುತ್ತಿರಲಿಲ್ಲ. ಆದರೂ ನನಗೆ ತಡೆಯಲಾಗಲಿಲ್ಲ.

"ಸಾಹುಕಾರ್ರ, ಕೂಡ್ರಿ. ನಿಮ್ಮ ಮಗಳು ಬರ್ತಾಳ. ಕರಕೊಂಡು ಬರಾಕ ಹೋದಾಕಿ ನನ್ನ ಸೊಸಿ."

ಅವರು ನಿಂತು ನನ್ನ ಮುಖ ನೋಡಿದರು. "ನಿಮ್ಮ ಸೊಸೀನ್ರಿ ಅವರು?"

"ನನ್ನ ಸೊಸಿ. ದಿನಾ ಈ ಗುಡ್ಡಾ ತಿರಗತಾಳ. ನಿಮ್ಮ ಅಂಗಡ್ಯಾಗ ಯಾವ ಅರಿವಿ ಥಾನು ಎಲ್ಲೈತಿ ಅಂತ ದೀಪ ಹೋದರೂ ನಿಮಗ ಗೊತ್ತಿರತೈತಿಲ್ಲರಿ? ಹಂಗ."

ಬಾಯಿ ಇಷ್ಟು ಹೇಳಿತು, ಉಮಾ. ಕೈಗಳು ಮಾತ್ರ ತಾವೇ ನೂಲು ಎಳೆಯುವ ಹಾಗೆ ಆಡುತ್ತಿದ್ದವು. ಅಲ್ಲಿ ಒಂದು ಹಕ್ಕಿ ಮನುಷ್ಯರ ಹಾಗೆ ಸೀಟಿ ಹಾಕುತ್ತದೆಯಲ್ಲ, ಅದು ಕೂಗಿದಾಗಲೆಲ್ಲ ನೀನೇ ಎಂದು ಎಲ್ಲರೂ ಕತ್ತು ಎತ್ತುತ್ತಿದ್ದರು. ಮುಕ್ತಾರ ಅವರು ಕೊನೆಗೆ ನನ್ನ ಪಕ್ಕ ಕೂತರು. ಕಿಸೆಯಿಂದ ಖರ್ಜೂರ ತೆಗೆದು ದಾನವ್ವನ ಕೈಗೆ ಕೊಟ್ಟರು. ತಾಯಿ ಇಲ್ಲದ ಹುಡುಗಿಯಂತೆ ಅಲ್ಫಿಯಾ. ಅವರು ಕಣ್ಣು ಮುಚ್ಚಿ ಏನೋ ಹೇಳಿಕೊಳ್ಳುತ್ತಿದ್ದರು, ನಾನು ಕಣ್ಣು ಮುಚ್ಚಿ ಬಸವಣ್ಣನನ್ನು ನೆನೆಯುತ್ತಿದ್ದೆ.

ದಾನವ್ವನೇ ಮೊದಲು ಹೇಳಿದ್ದು. "ಆಯಿ, ಇದು ಹಕ್ಕಿ ಅಲ್ಲ. ಅವ್ವ."

ಹೌದು, ನಿನ್ನದೇ ಸೀಟಿ. ಮಂಜಿನೊಳಗಿಂದ ಮೊದಲು ನಿನ್ನ ಟೋಪಿ ಕಂಡಿತು. ಆಮೇಲೆ ನಿನ್ನ ಬೆನ್ನ ಮೇಲೆ ಆ ಹುಡುಗಿ. ಮುಕ್ತಾರ ಅವರು ಮಗಳನ್ನು ಇಳಿಸಿಕೊಂಡು ಅತ್ತರು. ಎಲ್ಲರೂ ಅವರನ್ನೇ ನೋಡುತ್ತಿದ್ದರು. ನಾನು ರಾಜುನನ್ನು ನೋಡಿದೆ. ನಿನ್ನ ಬೂಟಿನ ಲೇಸು ಬಿಚ್ಚಿ ಕೆಸರಿನಲ್ಲಿ ಎಳೆಯುತ್ತಿತ್ತು. ಅವನು ಬಂದು, ಅಷ್ಟು ಜನರೆದುರು ನಿನ್ನ ಕಾಲ ಬಳಿ ಕೂತು ಅದನ್ನು ಕಟ್ಟಿದ. ನೀನು ಗಮನಿಸಿದೆಯೋ ಇಲ್ಲವೋ. ಅವನ ಅಪ್ಪ ನನಗೆ ಒಂದು ತಂಬಿಗೆ ನೀರು ಕೊಟ್ಟವರಲ್ಲ. ಮಗ ಹೀಗೆ ಬೆಳೆದದ್ದು ನೋಡಿ ನನಗೆ ಹೆಮ್ಮೆಯಾಯಿತು. ಯಾರ ಮೇಲೆ ಹೆಚ್ಚು ಹೆಮ್ಮೆಯಾಯಿತು ಎಂದು ಮಾತ್ರ ಕೇಳಬೇಡ.

ಇಂತು ನಿನ್ನ,
ಗೌರಕ್ಕ


ನೀಲಿಗುಡ್ಡೆ ಶಿಬಿರ
೧೬ ಮಾರ್ಚ್ ೨೦೨೫

ಪ್ರೀತಿಯ ಅತ್ತೆಯವರಿಗೆ,

ಉತ್ತರ ತಡವಾಯಿತು. ಬೇಸಗೆಯ ಬೆಂಕಿಯ ಕಾಲ ಇದು. ಹುಲ್ಲು ಒಣಗಿದೆ, ಚಾರಣ ನಿಂತಿದೆ. ಹುಲ್ಲು ಸವರಿ ಬೆಂಕಿ ದಾಟದಂತೆ ಹಾದಿ ಮಾಡುತ್ತಿದ್ದೇವೆ. ಮೈಯೆಲ್ಲ ಮಸಿ. ನಮ್ಮ ಪಾಲಿನ ಗುಡ್ಡ ಈ ಸಲ ಇನ್ನೂ ಬೆಂಕಿ ಕಾಣದೆ ಉಳಿದಿದೆ.

ನಿಮ್ಮ ಕಾಗದವನ್ನು ಎಷ್ಟು ಸಲ ಓದಿದೆನೋ. ಮಂಜಿನ ಈಚೆಗಿನ ಕಥೆ ನೀವು ಬರೆದಿರಿ, ಆಚೆಗಿನದು ನಾನು ಬರೆಯಬೇಕು.

ಅಲ್ಫಿಯಾ ಕಾಡಿನ ಅಂಚಿನಲ್ಲಿ ಬೇರಿಗೆ ಎಡವಿ ಕಾಲು ಉಳುಕಿಸಿಕೊಂಡು ಕೂತಿದ್ದಳು. ಸಿಕ್ಕಿದಳಲ್ಲ ಎಂದು ಉಸಿರು ಬಿಡುವಷ್ಟರಲ್ಲಿ ವಾಸನೆ ಬಂತು, ದನದ ಕೊಟ್ಟಿಗೆಯ ವಾಸನೆ. ಮಂಜು ಒಂದಿಷ್ಟು ಸರಿದಾಗ ನೋಡಿದರೆ ನಮಗೂ ಹಾದಿಗೂ ನಡುವೆ ಕಾಟಿಗಳ ಹಿಂಡು, ಕರುಗಳೂ ಇದ್ದವು. ಕರು ಇರುವ ಹಿಂಡಿನ ಹತ್ತಿರ ಅಲುಗಾಡಬಾರದು. ಕಾಯುವುದೊಂದೇ ದಾರಿ. ಹುಡುಗಿ ನನ್ನ ತೋಳು ಹಿಡಿದುಕೊಂಡಳು. "ನಮ್ಮ ಅಬ್ಬಾ ಒಬ್ಬರ ಇದ್ದಾರ್ರಿ, ಅಕ್ಕಾ, ಅವರು ಹುಡಕಾಕ ಬಂದಬಿಡ್ತಾರ" ಅಂತ ಪಿಸುಗುಟ್ಟಿದಳು. ನನಗೂ ಅದೇ ಭಯ. ಯಾರಾದರೂ ಕೂಗುತ್ತ ಈ ಕಡೆ ಬಂದರೆ ಹಿಂಡು ಬೆದರುತ್ತದೆ, ನಮ್ಮ ಮೇಲೆಯೇ ಬರುತ್ತದೆ. ಅವಳ ಕಿವಿಯಲ್ಲಿ ಹೇಳಿದೆ: "ಯಾರೂ ಬರೂದಿಲ್ಲ. ಅಲ್ಲಿ ನಮ್ಮತ್ತಿ ಅದಾರ. ಅವರು ಯಾರನ್ನೂ ಏಳಗೊಡೂದಿಲ್ಲ."

ನೋಡಿ, ನೀವು ಅಲ್ಲಿ ನನ್ನ ಮೇಲೆ ಭಾರ ಹಾಕಿ ಕೂತಿದ್ದಿರಿ, ನಾನು ಇಲ್ಲಿ ನಿಮ್ಮ ಮೇಲೆ.

ಹಿಂಡು ತನಗೆ ಸಾಕೆನಿಸಿದಾಗ ಮೇಯುತ್ತ ಇಳಿದು ಹೋಯಿತು. ಕೊನೆಯ ಕರು ಹೊರಳಿ ನಮ್ಮನ್ನು ನೋಡಿತು. ಆಮೇಲೆ ಅವಳನ್ನು ಬೆನ್ನಿಗೆ ಹಾಕಿಕೊಂಡು ಬಂದೆ.

ಲೇಸಿನ ವಿಷಯ. ಗಮನಿಸಿದೆ. ನೀವು ನೋಡುತ್ತಿರುವುದನ್ನೂ ಗಮನಿಸಿದೆ.

ಈಗ ಕಷ್ಟದ ಸುದ್ದಿ. ವರ್ಗಾವಣೆಯ ಆದೇಶ ಬಂದಿದೆ. ಧಾರವಾಡದ ಕಚೇರಿ, ಕುರ್ಚಿ, ಫ್ಯಾನು. ನೀವು ಮೊದಲು ಬಯಸಿದ್ದೇ ಸಿಕ್ಕಿದೆ. ಜೂನಿನೊಳಗೆ ಹೋಗಿ ಸೇರಬೇಕು. ಬೇಡವೆನಿಸಿದರೆ ಈಗಲೇ ಬರೆದುಕೊಡಬೇಕಂತೆ. ಇಕ್ಬಾಲ ಅಣ್ಣನಿಗೆ ಆದೇಶ ತೋರಿಸಿದೆ. "ಮಗು ದೊಡ್ಡದು ಮೇಡಂ, ಹೋಗಿ" ಅಂದರು. ಆಮೇಲೆ ಕತ್ತಿ ಹಿಡಿದು ಒಬ್ಬರೇ ಹುಲ್ಲು ಸವರಲು ಹೋದರು.

ದಾನವ್ವನ ಜಡೆ ಹಾಕಬೇಕೆನಿಸುತ್ತದೆ. ಬೆಳಗ್ಗೆ ಎದ್ದು ಈ ಗುಡ್ಡ ಕಂಡರೆ ಇದನ್ನು ಬಿಟ್ಟು ಹೋಗಲಾರೆ ಎನಿಸುತ್ತದೆ. ಎರಡೂ ಖರೇ. ನೀವು ಹೇಳಿದಂತೆ ಮಾಡುತ್ತೇನೆ ಎಂದು ಬರೆದು ತಪ್ಪಿಸಿಕೊಳ್ಳುವುದಿಲ್ಲ. ಆದರೆ ನಿಮ್ಮ ಮನಸ್ಸಿನಲ್ಲಿರುವುದನ್ನು ಈ ಸಲ ಬಾಯಿ ಬಿಟ್ಟು ಹೇಳಿ.

ನಿಮ್ಮ,
ಉಮಾ


ಗರಗ
ಯುಗಾದಿ, ೩೦ ಮಾರ್ಚ್ ೨೦೨೫

ಚಿ. ಸೌ. ಉಮಾಗೆ ಹಬ್ಬದ ದಿನದ ಆಶೀರ್ವಾದ.

ಬಾಯಿ ಬಿಟ್ಟು ಹೇಳುತ್ತೇನೆ.

ನೀನು ಧಾರವಾಡಕ್ಕೆ ಬಂದರೆ ನನಗೆ ಸಂತೋಷ. ಬೆಳಗ್ಗೆ ಬುತ್ತಿ ಕಟ್ಟುತ್ತೇನೆ, ಸಂಜೆ ದಾನವ್ವ ಬಾಗಿಲಲ್ಲಿ ಕಾಯುತ್ತಾಳೆ. ಊರಿನವರ ಬಾಯಿ ಮುಚ್ಚುತ್ತದೆ. ಮನೆ ತುಂಬುತ್ತದೆ. ಇದೆಲ್ಲ ಹೌದು.

ಆದರೆ ಉಮಾ, ನಾನು ನಿನ್ನನ್ನು ಆ ಗುಡ್ಡದ ಮೇಲೆ ನೋಡಿಬಿಟ್ಟಿದ್ದೇನೆ. ಇನ್ನು ಫ್ಯಾನಿನ ಕೆಳಗೆ ಕೂರಿಸಿ ನೋಡಲು ನನ್ನ ಕಣ್ಣು ಒಪ್ಪುವುದಿಲ್ಲ. ನೆರೆಮನೆಯ ಹೆಂಗಸರೆಲ್ಲ ಕೇಳುತ್ತಾರೆ, ಏನು ನೋಡಿ ಬಂದಿರಿ ಅಲ್ಲಿಗೆ ಹೋಗಿ ಎಂದು. ನಾನು ಹುಲಿಯ ಹೆಜ್ಜೆ ಹೇಳುವುದಿಲ್ಲ, ಕಾಟಿ ಹೇಳುವುದಿಲ್ಲ. ನನ್ನ ಸೊಸೆ ಕೈ ಎತ್ತಿದರೆ ಜನ ಹೇಗೆ ನಿಲ್ಲುತ್ತಾರೆ ಎಂದು ಹೇಳುತ್ತೇನೆ.

ಅದಕ್ಕೆ ನಾನೊಂದು ವಿಚಾರ ಮಾಡಿದ್ದೇನೆ. ಕಳಸದಲ್ಲಿ ನಿಮ್ಮವರಿಗೆ ವಸತಿ ಮನೆಗಳಿವೆ ಎಂದು ಬಂದಾಗ ನೋಡಿದೆ. ಪಕ್ಕದಲ್ಲೇ ಕನ್ನಡ ಸಾಲಿಯೂ ಇದೆ. ಒಂದು ಮನೆ ಕೇಳು. ನಾನು ದಾನವ್ವನನ್ನು ಕರೆದುಕೊಂಡು ಬಂದು ಇರುತ್ತೇನೆ. ನೀನು ಶಿಬಿರದಿಂದ ಇಳಿದಾಗಲೆಲ್ಲ ಮಗಳ ಜಡೆ ಹಾಕು.

ಅತ್ತಿಗೆ ಊರು ಬಿಡುತ್ತಾಳೆಂದು ಕೇಳಿ ದ್ಯಾಮಣ್ಣ ಸಿಟ್ಟಿನಿಂದ ಕುಣಿದಾಡಿದ. "ವೈನೀ, ಈ ವಯಸ್ಸಿನ್ಯಾಗ ಊರು ಬಿಟ್ಟು ಹೋಕ್ಕೀರೇನು? ಮಂದಿ ಏನಂದಾರು?" ಅಂದ. "ಗೌರಕ್ಕ ಗುಡ್ಡಾ ಏರ್ಯಾಳ ಅಂತಾರ, ಅನ್ಲಿ" ಅಂದೆ. ಈ ಮನೆಗೆ ಬಂದು ನಲವತ್ತು ವರ್ಷ ಆಯಿತು. ಇಷ್ಟು ವರ್ಷಗಳಲ್ಲಿ ಇಲ್ಲಿಗೆ ಹೋಗುತ್ತೇನೆ ಎಂದು ನಾನಾಗಿ ಅಂದದ್ದು ಇದೇ ಮೊದಲು.

ರಾಜು ಹೊಲ ಬಿಟ್ಟು ಬರಲಾರ. ಒಬ್ಬನೇ ಇರುತ್ತೀಯೇನಪ್ಪಾ ಅಂದೆ. "ರೊಟ್ಟಿ ಬಡಿಯಾಕ ಕಲೀತೇನಿ" ಅಂದ. ಕಲಿಯಲಿ.

ಇದು ನನ್ನ ಮನಸ್ಸಿನಲ್ಲಿರುವುದು. ತೀರ್ಮಾನ ನಿನ್ನದು.

ಗೌರಕ್ಕ


ಧಾರವಾಡ ಬಸ್ ನಿಲ್ದಾಣ
೨೬ ಮೇ ೨೦೨೫

ಉಮಾಗೆ ರಾಜಶೇಖರ ಬರೆಯುವುದು.

ಕಾಗದ ಬರೆದು ನನಗೆ ರೂಢಿ ಇಲ್ಲ. ಬಸ್ಸು ಹೊರಡಲು ಇನ್ನೂ ಹೊತ್ತಿದೆ. ಅವ್ವನ ಕೈಯಲ್ಲೇ ಕೊಟ್ಟು ಕಳಿಸುತ್ತಿದ್ದೇನೆ. ಅವಳು ದಾರಿಯಲ್ಲೇ ಓದುತ್ತಾಳೆ, ಓದಲಿ.

ಕಳಸದಲ್ಲಿ ಮನೆ ಸಿಕ್ಕಿತು, ಅಲ್ಲೇ ಉಳಿಯುತ್ತೇನೆ ಎಂದು ನೀನು ಫೋನಿನಲ್ಲಿ ಹೇಳಿದಾಗ ನಾನು "ಆತು" ಅಂದೆ ಅಷ್ಟೇ. ಆಮೇಲೆ ನಿನಗೆ ಸಿಟ್ಟು ಬಂದಿರಬಹುದು ಎನಿಸಿತು. ಆತು ಅಂದದ್ದರಲ್ಲಿ ಬಹಳ ಇತ್ತು. ಬರೆಯಲು ಬರುವುದಿಲ್ಲ.

ಅಂದು ಆ ಬಂಡೆಯ ಮೇಲೆ ಕೂತಾಗ ನಾನು ಬಹಳ ಹೆದರಿದ್ದೆ. ನೀನು ಬಂದಾಗ ಹೆದರಿಕೆ ಹೋಯಿತು, ಇನ್ನೇನೋ ಒಂದು ಬಂತು. ಅದು ಇನ್ನೂ ಹೋಗಿಲ್ಲ. ಎತ್ತಿನ ಹಿಂದೆ ನಡೆಯುವಾಗ ಒಮ್ಮೊಮ್ಮೆ ಒಬ್ಬನೇ ನಗುತ್ತೇನೆ. ದ್ಯಾಮಣ್ಣ ಕಾಕಾ ನೋಡಿ, ಇವಗ ಏನಾಗೇತಿ ಅಂತಾರೆ.

ಅವರೂ ಬಂದಿದ್ದಾರೆ ಬಸ್ಸಿಗೆ ಹತ್ತಿಸಲು. ಬೆಳಗಿನವರೆಗೂ ಬೈಯುತ್ತಿದ್ದರು. ಈಗ ಜೋಳದ ಚೀಲವನ್ನು ಹೆಗಲ ಮೇಲೆ ಹೊತ್ತು ನಿಂತಿದ್ದಾರೆ. ಆ ಕಡೆ ಬಿಳಿಜೋಳ ಸಿಗೂದಿಲ್ಲ, ವೈನಿ ಅನ್ನ ತಿಂದು ಸೊರಗತಾಳ ಅಂತ.

ಮೃಗಶಿರಾ ಮಳೆ ಬಿದ್ದರೆ ಬಿತ್ತನೆ ಮುಗಿಸಿ ನಾನೂ ಬರುತ್ತೇನೆ. ಈ ಸಲ ಆ ಗುಡ್ಡದ ತುದಿಯವರೆಗೆ ಹೋಗಬೇಕು. ನೀನು ಮುಂದೆ ನಡೆ.

ಇಷ್ಟೇ ಬರೆಯಬೇಕೆಂದಿದ್ದೆ. ಆದರೆ ಈಗೊಂದು ನಡೆಯಿತು, ಅದನ್ನೂ ಬರೆಯುತ್ತೇನೆ. ಅವ್ವ ಹೊಸ ಇಳಕಲ್ ಸೀರೆ ಉಟ್ಟು, ಕಾಲಿಗೆ ನೀನು ಕೊಡಿಸಿದ ಬೂಟು ಹಾಕಿ, ದಾನವ್ವನ ಕೈ ಹಿಡಿದು ಬೆಂಚಿನ ಮೇಲೆ ಕೂತಿದ್ದಾಳೆ. ಪಕ್ಕದಲ್ಲೊಬ್ಬ ಹೆಂಗಸು ಇಷ್ಟು ಸಾಮಾನು ನೋಡಿ ಕೇಳಿದಳು:

"ಮಗನ ಮನೀಗೆ ಹೊಂಟೀರೇನ್ರಿ, ಅಜ್ಜಿ?"

ಅವ್ವ ಸೆರಗು ಸರಿಮಾಡಿಕೊಂಡು, ಇಡೀ ನಿಲ್ದಾಣಕ್ಕೆ ಕೇಳುವ ಹಾಗೆ ಹೇಳಿದಳು:

"ಅಲ್ಲರಿ. ಸೊಸಿ ಮನೀಗೆ."

ರಾಜಶೇಖರ